ನಾದಿನಿಯ ಬೈರಾಸು, ನನ್ನ ಮೂಗು

ಆಗ ನನಗೆ ಅರವತ್ತೊಂದು. ಅದಾಗಿ ಈಗ ಎಂಟು ವರ್ಷ. ಸಾಬೂನನ್ನೇ ಮೊದಲು ತೊಳೆದು ಆಮೇಲೆ ಕೈಗೆ ಹಚ್ಚಿಕೊಳ್ಳುವ ಹೆಂಗಸು ಇಡೀ ಶಂಕರಪುರದಲ್ಲಿ ಒಬ್ಬಳೇ ಇದ್ದದ್ದು. ಅವಳು ನನ್ನ ಪಾಲಿಗೇ ಬರಬೇಕಾ? ಗಂಡನ ತಂಗಿ. ಮದುವೆಯಾಗಲಿಲ್ಲ, ನಮ್ಮ ಜೊತೆಯಲ್ಲೇ ಇರುವುದು.

ನಾನೋ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಲ್ಲಿಗೆ ಕಟ್ಟುವುದು ಬಿಟ್ಟರೆ ಬೇರೆ ವಿದ್ಯೆ ಇಲ್ಲ. ಮೂಗು ಸೋರಿದರೆ ಸೆರಗು ಉಂಟಲ್ಲ ಅಂತ ತಿಳಿದವಳು. ಬೆಳಿಗ್ಗೆ ಹಿಡಿಸೂಡಿಯಲ್ಲಿ ಗುಡಿಸಿ ಧೂಳೆಬ್ಬಿಸುವುದು, ಹದಿನೈದು ಸಲ ಸೀನುವುದು, "ನಿನ್ನ ಫಿನಾಯಿಲಿನಿಂದಲೇ ನನಗೆ ಅಲರ್ಜಿ" ಅಂತ ಅವಳಿಗೆ ಬೈಯುವುದು!

"ಅತ್ತಿಗೆ, ಒದ್ದೆ ಬಟ್ಟೆಯಲ್ಲಿ ಒರಸಿ. ಸೀನುವಾಗ ಮೊಣಕೈ ಅಡ್ಡ ಹಿಡಿಯಿರಿ."

"ಮೊಣಕೈ ಬರುವವರೆಗೆ ಸೀನು ಕಾಯ್ತದಾ ಮಾರಾಯ್ತಿ?"

ಮೀನಿನವಳನ್ನೂ ಬಿಡಲಿಲ್ಲ. ಕಾಪುವಿನಿಂದ ಬುಟ್ಟಿ ಹೊತ್ತು ಬಂದವಳು ಮೊದಲು ಕೈ ತೊಳೆಯಬೇಕು, ಆಮೇಲೆ ವ್ಯಾಪಾರ. "ಅಕ್ಕ, ಈ ಬಂಗುಡೆ ಹುಟ್ಟಿದಂದಿನಿಂದ ನೀರಿನಲ್ಲೇ ಇದ್ದದ್ದು. ಇದಕ್ಕಿಂತ ಹೆಚ್ಚು ಮಿಂದವರು ನಿಮ್ಮಲ್ಲಿ ಯಾರಿದ್ದಾರೆ?" ಅಂತ ಅವಳು. ನಾನು ನಕ್ಕೆ. ನಾದಿನಿ ನಗಲಿಲ್ಲ, ಸಾಬೂನು ಕೊಟ್ಟಳು.

ಆ ವರ್ಷ ಮಗಳಿಗೆ ಮಣಿಪಾಲದಲ್ಲಿ ಹೆರಿಗೆ. ಮಗು ದಿನ ತುಂಬುವ ಮೊದಲೇ ಹುಟ್ಟಿ, ಗಾಜಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಕಾರ್ಕಳದ ಗಂಡನ ಮನೆ. ಮೂರು ತಿಂಗಳು ಹೊರಗಿನವರು ಯಾರೂ ಮುಟ್ಟಬಾರದು ಅಂದಿದ್ದರು ಡಾಕ್ಟರರು. ಅದು ಕಳೆದ ಮೇಲೆ ಮುಟ್ಟಬಹುದು, ನೆಗಡಿಯವರು ಮಾತ್ರ ದೂರ. ಅಷ್ಟರಲ್ಲಿ ಮಗಳು ಅಳಿಯನ ಜೊತೆ ದುಬೈಗೆ ಹೊರಡುವ ದಿನವೂ ಬಂತು. ಹೊರಡುವ ಮೊದಲು ಒಂದೇ ಒಂದು ದಿನ ನಮ್ಮಲ್ಲಿ. ಮತ್ತೆ ಬರುವುದು ಎರಡು ವರ್ಷಕ್ಕೆ. ಮಗುವನ್ನು ಎತ್ತುವುದಿದ್ದರೆ ಆ ದಿನವೇ.

ನಾದಿನಿ ಒಂದು ವಾರ ಮನೆ ತೊಳೆದಳು. ಫ್ಯಾನಿನ ರೆಕ್ಕೆ, ಬಾಗಿಲ ಪರದೆ, ಬಿಸಿಲಿಗೆ ಹಾಸಿಗೆ. ಬೆಕ್ಕಿಗೂ ಸ್ನಾನ. ಬೆಕ್ಕು ಮತ್ತೆ ಈ ಕಡೆ ತಲೆ ಹಾಕಲಿಲ್ಲ!

ಮೂರು ದಿನ ಮೊದಲು ನನ್ನ ಮೂಗು ಸುರಿಯಲು ಶುರು. ಹೇಳುತ್ತೇನಾ? ದಿನಾ ಸಂಜೆ ನನ್ನ ಸೆರಗು ಒದ್ದೆ ಉಂಟಾ ಅಂತ ಅವಳ ತಪಾಸಣೆ ಬೇರೆ. ನಾನು ಎಂತ ಮಾಡಿದೆ? ಅವಳು ದಿನಾ ಕುದಿಸಿ ಒಣಗಿಸುವ, ತನ್ನ ಮುಖ ಒರಸುವ ಬೈರಾಸು ಇತ್ತಲ್ಲ, ಕದ್ದು ಅದರಲ್ಲೇ ಮೂಗು ಒರಸಿದೆ. ಸೆರಗು ಒಣಗಿಯೇ ಇತ್ತು! ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಕಾರು ಬಂತು. ಮಗಳು ಇಳಿದವಳು ಮಗುವನ್ನು ನೇರ ನಾದಿನಿಯ ಮುಂದೆ ಹಿಡಿದಳು. "ಅತ್ತೆ, ಮೊದಲು ನೀವು." ಸರಿಯೇ, ನಾನು ಹೂ ಕಟ್ಟುತ್ತಾ ಕೂತಿದ್ದಾಗ ಇವಳನ್ನು ಸಾಕಿದ್ದು ಆ ಮಡಿಲೇ.

ನಾದಿನಿ ಕೈ ಹಿಂದೆ ಕಟ್ಟಿ ಎರಡು ಹೆಜ್ಜೆ ಹಿಂದೆ ಹೋದಳು. "ಬೇಡ ಮಗಾ. ಬೆಳಿಗ್ಗೆಯಿಂದ ಗಂಟಲು ಕೆರೆಯುತ್ತದೆ, ಮೂಗೂ ಕಟ್ಟಿದೆ."

ಯಾರಿಗೆ ಗೊತ್ತಾಗುತ್ತಿತ್ತು? ಹೇಳಲು ಎಂತ ಅರ್ಜೆಂಟು ಇವಳಿಗೆ!

ಮತ್ತೆ ನನ್ನ ಕಿವಿಯಲ್ಲಿ, "ಎಲ್ಲಿ ತೊಳೆದದ್ದು ಸಾಲಲಿಲ್ಲವೋ ಅತ್ತಿಗೆ. ಬಾಗಿಲ ಚಿಲಕ ಒರಸಿದ್ದೆನಲ್ಲ?"

"ಒರಸಿದ್ದಿ ಮಾರಾಯ್ತಿ."

ಮಗಳು ನನ್ನ ಕಡೆ ತಿರುಗಿದಳು. "ಅಮ್ಮಾ, ನೀನಾದರೂ ಎತ್ತಿಕೋ." ಕೈ ಚಾಚಿದೆ. ಇಳಿಸಿದೆ. "ನನಗೂ ನೆಗಡಿ ಉಂಟು," ಅಂದೆ. ಬೈರಾಸಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ. ಇವತ್ತಿನವರೆಗೂ ಬರಲಿಲ್ಲ.

ಅಳಿಯ ಒಳಗಿಂದ ಕಿಟಕಿಯಲ್ಲಿ ಮಗುವನ್ನು ತೋರಿಸಿದ. ನಾವಿಬ್ಬರು ಜಗಲಿಯಲ್ಲಿ ನಿಂತು ನೋಡಿದೆವು.

ಮರುದಿನ ಬೆಳಿಗ್ಗೆ ಕಾರು ಹೋಯಿತು. ಮಂಚದ ಮೇಲೆ ಮಗುವಿನ ಟೊಪ್ಪಿ ಒಂದು ಉಳಿದಿತ್ತು. ನನ್ನ ಮೂಗು ಅಷ್ಟರಲ್ಲಿ ಬಿಟ್ಟಿತ್ತು, ಹಾಲಿನ ವಾಸನೆ ಚೆನ್ನಾಗಿ ಬಂತು. ನಾದಿನಿಗೆ ಕೊಟ್ಟೆ. ಮೂಗಿಗೆ ಒತ್ತಿ ಹಿಡಿದಳು. "ಎಂತದೂ ಗೊತ್ತಾಗುವುದಿಲ್ಲ ಅತ್ತಿಗೆ," ಅಂದು ಒಗೆಯುವ ಬಾಲ್ದಿಯ ಕಡೆ ಹೊರಟಳು. ನಾನು ಕಿತ್ತುಕೊಂಡೆ. ಬಿಸ್ಕತ್ತಿನ ಡಬ್ಬಿಗೆ ಹಾಕಿ, ಮುಚ್ಚಳ ಗಟ್ಟಿ ಒತ್ತಿ, ಅವಳ ಮೂಗು ಬಿಡುವವರೆಗೆ ಅವಳ ಕೈಗೆಟುಕದ ಹಾಗೆ ಕಪಾಟಿನ ಮೇಲಿಟ್ಟೆ.