ನೆಗೆಣ್ಣಿಯ ಬಿಳಿ ಮೇಜು

ನೀವು ಎಂದಾದರೂ ಮನೆಯ ಕಸಬರಿಗೆಯ ಮುಂದೆ ಕೈಕಟ್ಟಿ ನಿಂತು, ಹತ್ತು ನಿಮಿಷ ಅದನ್ನೇ ನೋಡಿದ್ದೀರಾ? ಇಲ್ಲವೇ? ಹಾಗಾದರೆ ನೀವು ಪುಣ್ಯವಂತರು. ನನ್ನ ನೆಗೆಣ್ಣಿಯಂಥವಳು ನಿಮಗೆ ಗಂಟುಬಿದ್ದಿಲ್ಲ!

ಈಕೆ ನನ್ನ ಮೈದುನನ ಹೆಂಡತಿ. ಅಥಣಿಯಲ್ಲಿ ನಮ್ಮ ಖಡಕ್ ರೊಟ್ಟಿ ಕೇಂದ್ರದ ಯಜಮಾನಿ. ಅಲ್ಲಿ ಎಂಟು ಒಲೆ, ಮೊದಲನೆಯದು ನನ್ನದು. ಆದರೆ ಕಳೆದ ದೀಪಾವಳಿಯಿಂದ ನನ್ನ ಬಲಗೈ ಮುಷ್ಕರ ಹೂಡಿದೆ. ಇನ್ನು ರೊಟ್ಟಿ ಬಡಿಯಕೂಡದು ಎಂದರು ಡಾಕ್ಟರು. ಬಡಿಯದಿದ್ದರೇನಾಯಿತು? ದಿನಾ ಹೋಗಿ, ಆರಿದ ಒಲೆಯ ಮುಂದೆ ನನ್ನ ಮಣೆಯ ಮೇಲೆ ಕೂತು, ಉಳಿದವರ ರೊಟ್ಟಿಯಲ್ಲಿ ತಪ್ಪು ಹುಡುಕಿ ಬೈಯುತ್ತೇನೆ. ಈ ಒಲೆಗೆ ಬೇರೆ ಯಾರನ್ನಾದರೂ ಕೂರಿಸಿಬಿಟ್ಟರೆ? ಆ ಚಿಂತೆ ಎದೆಯಲ್ಲಿತ್ತು, ಬಾಯಿಬಿಟ್ಟು ಹೇಳುವವಳು ನಾನಲ್ಲ. ಈಗ ಮೊಮ್ಮಗಳು ಫೋನಿನಲ್ಲಿ ಟೈಪು ಮಾಡಲು ಕಲಿಸಿದ್ದಾಳಲ್ಲ, ಒಂದೇ ಬೆರಳಿನಿಂದ ಹೇಳುತ್ತಿದ್ದೇನೆ.

ಈಕೆಗೆ ಹುಚ್ಚು ಹಿಡಿದದ್ದು ಕೊಲ್ಹಾಪುರದಲ್ಲಿ. ನನ್ನ ಕೈ ತೋರಿಸಲು ಹೋದವರು ಬಿಸಿಲಿಗೆ ಬೇಸತ್ತು, ಫ್ಯಾನು ಕಂಡ ಒಂದು ಹಾಲಿಗೆ ನುಗ್ಗಿದೆವು. ಒಳಗೆ ಕಲಾ ಪ್ರದರ್ಶನವಂತೆ! ಬಿಳಿ ಕಟ್ಟೆಯ ಮೇಲೊಂದು ತಗಡಿನ ಬಕೆಟ್ಟು, ಅದರ ಮೇಲೊಂದು ದೀಪ. ಎಷ್ಟು ಅನುಕೂಲ ಮಾಡಿದ್ದಾರಪ್ಪ ಎಂದು ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಅದಕ್ಕೆ ಹಾಕಿದೆ. "ಓ ಆಜೀ, ಕಾಯ್ ಕರತಾ!" ಏನು ಮಾಡ್ತೀರಿ ಅಜ್ಜಿ ಎಂದು ಮರಾಠಿಯಲ್ಲಿ ಗದರುತ್ತ ಕಾವಲಿನವನು ಓಡಿ ಬಂದ. ನಾನು ಸಿಪ್ಪೆ ಹೆಕ್ಕುತ್ತಿದ್ದರೆ ಈಕೆ ಬಕೆಟ್ಟನ್ನೇ ನೋಡುತ್ತ ನಿಂತಿದ್ದಾಳೆ!

"ಅಕ್ಕಾರ, ಇದು ಬಕೀಟ ಅಲ್ಲರಿ."

"ಮತ್ತೇನಬೇ, ಐರಾವತ ಏನು?"

"ದಿನಾ ನೋಡತೀವಿ, ಖರೆ ಒಂದ ದಿನಾನೂ ನೋಡಿಲ್ಲರಿ!"

ನೋಡತೀವಂತೆ, ನೋಡಿಲ್ಲವಂತೆ! ಬಸ್ಸು ಕಾಗವಾಡ ದಾಟುವ ತನಕ ಇದೇ ಮಾತು.

ಮರುದಿನ ಕೇಂದ್ರದ ನಡುವೆ ಬಿಳಿ ಬಟ್ಟೆ ಹಾಸಿದ ಮೇಜು, ಮೇಲೆ ಬಲ್ಬು. ದಿನಕ್ಕೊಂದು ವಸ್ತು ಅದನ್ನು ಏರುವುದು. ಒಲೆ ಹಚ್ಚುವ ಮೊದಲು ಎಲ್ಲರೂ ಸುತ್ತ ನಿಂತು, ಕಂಡದ್ದನ್ನು ಹೇಳಬೇಕು. ಮೊದಲ ದಿನ ಕಸಬರಿಗೆ.

"ಏನ ಕಾಣತೈತಿ?"

ರೊಟ್ಟಿ ಬಡಿಯುವ, ಮಂಗಸೂಳಿ ಊರಿನ ಗಂಗವ್ವ ಹೇಳಿದಳು: "ಕಸಬರಗಿ ಕಾಣತೈತ್ರಿ. ಕಸಾನೂ ಕಾಣತೈತಿ, ಗುಡಸೂದ ಬಿಟ್ಟ ನಿಂತೀವಲ್ಲ!"

ಇನ್ನೊಂದು ದಿನ ನನ್ನ ಕನ್ನಡಕವನ್ನೇ ಏರಿಸಿದಳು. ಏನು ಕಾಣುತ್ತದೆ ಎಂದು ನನ್ನನ್ನು ಕೇಳಿದರೆ ಏನು ಹೇಳಲಿ? ಕನ್ನಡಕ ಮೇಜಿನ ಮೇಲಿದೆ!

ಆಮೇಲೆ ಪಾಕೀಟು ಕಟ್ಟುವಾಗ ಮುರಿದ ರೊಟ್ಟಿಯ ಚೂರುಗಳ ಸರದಿ. ಅವು ಎಮ್ಮೆಯ ಪಾಲು ಎಂದು ಊರಿಗೇ ಗೊತ್ತು. ಈಕೆ ನಾಲ್ಕು ದಿನ ಅವನ್ನೇ ನೋಡಿಸಿದಳು! ಐದನೆಯ ದಿನ ಗಂಗವ್ವ ಬೇಸತ್ತು, ಒಂದು ಚೂರಿಗೆ ಶೇಂಗಾ ಚಟ್ನಿ ಹಚ್ಚಿ ಕಟುಂ ಎಂದು ಕಡಿದಳು. ಅಷ್ಟೇ! ಮುಂದಿನ ವಾರ ಚೂರು, ಚಟ್ನಿ ಒಂದೇ ಪಾಕೀಟಿನಲ್ಲಿ ನಿಪ್ಪಾಣಿಗೆ ಹೊರಟವು. ಈಗ ಅಂಗಡಿಯವರು ಇಡೀ ರೊಟ್ಟಿಗಿಂತ ಚೂರನ್ನೇ ಹೆಚ್ಚು ಕೇಳುತ್ತಾರೆ. ಎಮ್ಮೆ ಮಾತ್ರ ಈಕೆಯ ಮುಖ ನೋಡುತ್ತಿಲ್ಲ.

ಹೋದ ಸೋಮವಾರ ಹೋಗಿ ನೋಡಿದರೆ ನನ್ನ ಒಲೆಯ ಮುಂದೆ ನನ್ನ ಮಣೆ ಇಲ್ಲ! ಹೊಸ ಮಣೆ, ಅದರ ಮೇಲೆ ಹೊಸ ಹೆಂಗಸು, ಒಲೆಯಲ್ಲಿ ಉರಿ. ಆಯಿತು, ಇಲ್ಲಿಯ ಋಣ ಹರಿಯಿತು. ಬಾಯಿಬಿಟ್ಟು ಹೇಳಲಾಗದೆ ಈಕೆ ನನ್ನ ಮಣೆ ಎತ್ತಿಡುವುದೇ? ಸೆರಗು ಸಿಕ್ಕಿಸಿ ಜಗಳಕ್ಕೆ ತಿರುಗಿದೆ. ನೋಡುತ್ತೇನೆ, ನನ್ನ ಮಣೆ ಬಿಳಿ ಮೇಜಿನ ಮೇಲೆ, ದೀಪದ ಕೆಳಗೆ!

ನನ್ನನ್ನು ಆಯಿ ಎನ್ನುವ ಗಂಗವ್ವ ಬಗ್ಗಿ ನೋಡುತ್ತಿದ್ದಳು. "ಬಲಗಡೆ ಅಷ್ಟ ಸವದೈತ್ರಿ. ಆಯಿ ಒಂದೊಂದ ರೊಟ್ಟಿಗೂ ಮೈಯೆಲ್ಲಾ ಬಲಕ್ಕ ವಾಲಸ್ತಿದ್ರು. ನಾವು ಬರೇ ಕೈಲೆ ಬಡೀತೀವಿ. ಅದಕ್ಕ ನಮ್ಮವು ಅಂಚ ಒಡೀತಾವ, ಆಯೀವು ಒಡೀತಿರಲಿಲ್ಲ."

ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ಕೂತವಳು ನಾನು. ಅದರ ಮುಖ ನೋಡಿದ್ದು ಅವತ್ತೇ ಮೊದಲು. ಆದರೂ ಸೋಲಬಾರದಲ್ಲ!

"ಒಲಿ ಇಕೀಗಿ ಕೊಟ್ಟಿ, ಮಣಿ ಮ್ಯಾಲ ಏರಿಸಿದಿ. ಮಣೀನ ಎಲ್ಲಾ ತೋರಸ್ತೈತಿ ಅಂದಮ್ಯಾಲ ಇನ್ನ ನಾ ಯಾಕ ಬೇಕಬೇ?"

ಈಕೆ ತನ್ನ ಕುರ್ಚಿಯನ್ನು ಎಳೆದು ತಂದು ಹೊಸ ಹೆಂಗಸಿನ ಬೆನ್ನ ಹಿಂದೆ ಇಟ್ಟಳು.

"ಮಣಿ ತೋರಸ್ತೈತ್ರಿ ಅಕ್ಕಾರ, ಖರೆ ಅದಕ್ಕ ಬೈಯಾಕ ಬರಂಗಿಲ್ಲ. ಕುಂಡ್ರರಿ!"