ಸಾಹುಕಾರರಿಗೆ ನಿದ್ದೆ ಹತ್ತಿತು

"ಇನ್ನೊಂದೇ ಒಂದು ಹಾಸಿಗೆ ವಾಪಸ್ ಬರ್ಲಿ, ನಾಳೆಯಿಂದ ಗೋಡೌನಲ್ಲಿ ಹಾಸಿಗೆ ಹೊರೋ ಕೆಲಸ ನಿಂದೇ!" ಎಂದು ಹಾಸಿಗೆ ಅಂಗಡಿಯ ಯಜಮಾನರು ಬೆಳ್ಳಂಬೆಳಿಗ್ಗೆ ಗುಡುಗಿದರು.

ಬೈಸಿಕೊಂಡವನು ದೂರು ವಿಭಾಗದ ಗುಮಾಸ್ತ. ಒಂದು ಕೇಳಿದರೆ ಹತ್ತು ಹೇಳುವ ಅವನಿಗೆ ಅಂಗಡಿಯವರೆಲ್ಲ ಸೇರಿ 'ಪುರಾಣ' ಎಂದು ಹೆಸರಿಟ್ಟಿದ್ದರು. ಪಾಪ, ಪುರಾಣನಿಗೆ ಸೊಂಟನೋವು ಬೇರೆ. ಹಾಸಿಗೆ ಹೊರುವುದಿರಲಿ, ಕೆಳಗೆ ಬಿದ್ದ ಪೆನ್ನು ಎತ್ತಿಕೊಳ್ಳುವುದಕ್ಕೂ ಅವನು ಎರಡು ಸಲ ಯೋಚಿಸುತ್ತಿದ್ದ.

ಹನ್ನೊಂದು ಗಂಟೆಗೆ ಬಾಗಿಲ ಮುಂದೆ ಉದ್ದನೆಯ ಕಾರು ನಿಂತಿತು. ದೊಡ್ಡ ಹೋಟೆಲಿನ ಸಾಹುಕಾರರು ಇಳಿದರು. ಹಿಂದೆ ಡ್ರೈವರ್, ಅವನ ತಲೆಯ ಮೇಲೆ ಹಾಸಿಗೆ! ಪುರಾಣ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡ.

ಬೈಗುಳ ಕೇಳಲು ಸಿದ್ಧನಾಗಿ ನಿಂತರೆ ಸಾಹುಕಾರರು ನಕ್ಕರು. "ನಿಮ್ಮ ತಪ್ಪೇನಿಲ್ಲ ಬಿಡಿ. ಹತ್ತು ವರ್ಷದಿಂದ ನಂಗೆ ನಿದ್ದೇನೇ ಇಲ್ಲ. ಇದರ ಮೇಲೆ ತಿಂಗಳು ಹೊರಳಾಡಿದೆ, ಊಹೂಂ. ವಾಪಸ್ ತಗೊಂಡ್ಬಿಡಿ."

ಇಂಥ ಸಜ್ಜನ ಗಿರಾಕಿಯನ್ನು ಪುರಾಣ ಜನ್ಮದಲ್ಲಿ ಕಂಡಿರಲಿಲ್ಲ. ಆದರೂ ಸೊಂಟ ಉಳಿಯಬೇಕಲ್ಲ!

"ಸಾರ್, ನೀವು ಮಲಗೋ ರೀತಿ ಸರಿ ಇಲ್ವೇನೋ. ಇಲ್ಲೇ ಒಂದ್ಸಲ ಮಲಗಿ ತೋರಿಸಿ."

ಸಾಹುಕಾರರು ಬೂಟು ಬಿಚ್ಚಿ, ತಾವು ತಂದ ಹಾಸಿಗೆಯ ಮೇಲೆ ಅಲ್ಲೇ ಮಲಗಿದರು. ಪುರಾಣ ಗ್ಯಾರಂಟಿ ಕಾರ್ಡ್ ತೆಗೆದು ಒಂದನೇ ನಿಯಮದಿಂದ ವಿವರಿಸತೊಡಗಿದ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು.

"ಅಯ್ಯೋ, ನಿದ್ದೆ ಬಂದೇಬಿಡ್ತು ಕಣ್ರೀ!" ಎಂದು ಕ್ಯಾಷಿಯರ್ ಅಕ್ಕ ಕಿರುಚಿದಳು.

"ಶ್! ಎಬ್ಬಿಸಿದ್ರೆ ನೋಡಿ ಮತ್ತೆ!" ಯಜಮಾನರು ಪಿಸುಗುಟ್ಟಿದರು. "ಅವರ ಹೋಟ್ಲಲ್ಲಿ ಇನ್ನೂರು ರೂಮಿದೆ. ಎದ್ದ ತಕ್ಷಣ ಇನ್ನೂರು ಹಾಸಿಗೆ ಆರ್ಡರ್! ಪುರಾಣ, ನಾಳೆಯಿಂದ ನೀನೇ ಮ್ಯಾನೇಜರ್ ಕಣಯ್ಯ!"

ಶಟರ್ ಅರ್ಧ ಇಳಿಯಿತು. ಫೋನಿನ ಬಾಯಿಗೆ ದಿಂಬು ಬಿತ್ತು. ಬಂದ ಗಿರಾಕಿಗಳನ್ನು ಯಜಮಾನರೇ ಕೈಮುಗಿದು ಅಟ್ಟಿದರು. ಅಕ್ಕ ನೊಣ ಓಡಿಸುತ್ತ ನಿಂತಳು. ಹಿಡಿದ ಮಾತನ್ನು ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲದ ಪುರಾಣ ಮಾತ್ರ ತಗ್ಗಿದ ದನಿಯಲ್ಲಿ ನಿಯಮಗಳನ್ನು ಹೇಳುತ್ತಲೇ ಇದ್ದ. ಮ್ಯಾನೇಜರ್ ಕುರ್ಚಿಗೆ ಮೆತ್ತನೆಯ ದಿಂಬು ಹಾಕಿಸಿಕೊಳ್ಳಬೇಕು ಎಂದು ನಡುನಡುವೆ ಯೋಚಿಸುತ್ತಲೂ ಇದ್ದ.

ನಾಲ್ಕು ಗಂಟೆಗೆ ಸಾಹುಕಾರರು ಎದ್ದು ಕೂತು ಮೈ ಮುರಿದರು. "ಅಬ್ಬಬ್ಬಾ! ಹೊಸ ಜನ್ಮ ಬಂದ ಹಾಗಾಯ್ತು!"

ಯಜಮಾನರು ಪುಸ್ತಕ ಹಿಡಿದು ಓಡಿಬಂದರು. "ಎಷ್ಟು ಹಾಸಿಗೆ ಬರ್ಕೊಳ್ಳಲಿ ಸಾರ್?"

"ಹಾಸಿಗೆ ಯಾರಿಗ್ರೀ ಬೇಕು? ಇದನ್ನ ವಾಪಸ್ ಇಟ್ಕೊಳ್ಳಿ. ನಿದ್ದೆ ಬಂದಿದ್ದು ಇವರ ಮಾತಿಗೆ! ಇವರನ್ನ ದಿನಾ ರಾತ್ರಿ ನಮ್ಮನೆಗೆ ಕಳಿಸಿ. ಪಕ್ಕದಲ್ಲಿ ಕೂತು ಬೆಳಗಾಗೋವರೆಗೂ ಮಾತಾಡ್ಲಿ."

ಯಜಮಾನರು ವಾಪಸ್ ಬಂದ ಹಾಸಿಗೆಯನ್ನೊಮ್ಮೆ, ಪುರಾಣನನ್ನೊಮ್ಮೆ ನೋಡಿದರು. "ಧಾರಾಳವಾಗಿ ಸಾರ್! ಹಗಲು ಹೇಗೂ ಇವನು ಗೋಡೌನಲ್ಲಿರ್ತಾನೆ."

ಪುರಾಣನಿಗೆ ಅಳುವೇ ಬಂತು. "ಮತ್ತೆ ನಾನು ಮಲಗೋದು ಯಾವಾಗ ಸಾರ್? ಅಂದ್ರೆ ನೋಡಿ, ಮನುಷ್ಯ ಅಂದ್ಮೇಲೆ ಅವನಿಗೆ ಮೊದಲನೇದಾಗಿ..."

ಸಾಹುಕಾರರು ಆಗಲೇ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದರು.