ಅರವತ್ತು ಟ್ಯಾಬುಗಳೂ ಒಬ್ಬ ಚಿತ್ರದ ಮೇಷ್ಟರೂ

ಒಂದು ವೈರನ್ನು ಒತ್ತಿದ್ದೇ ತಪ್ಪಾಯಿತು.

ಎಂಟು ತಿಂಗಳ ಹಿಂದೆ ಚಿತ್ರದ ಮೇಷ್ಟರು ಶಾಲೆಯ ಕಚೇರಿಯಲ್ಲಿ ಸ್ಟೂಲಿನ ಮೇಲೆ ನಿಂತು ಮಕ್ಕಳ ಚಿತ್ರಗಳನ್ನು ಗೋಡೆಗೆ ತೂಗುಹಾಕುತ್ತಿದ್ದರು. ಪಕ್ಕದಲ್ಲಿದ್ದ ವೈಫೈ ಪೆಟ್ಟಿಗೆಯಿಂದ ನೀಲಿ ವೈರೊಂದು ಅಲುಗಾಡುವ ಹಲ್ಲಿನಂತೆ ಜೋತುಬಿದ್ದಿತ್ತು. ಓರೆಯಾದದ್ದನ್ನು ಕಂಡರೆ ನೆಟ್ಟಗೆ ಮಾಡದೆ ಇರಲಾಗದ ಅವರ ಕೈ ಸುಮ್ಮನಿರಲಿಲ್ಲ, ಹೆಬ್ಬೆರಳಿನಿಂದ ಒತ್ತಿತು. ಆ ಕ್ಷಣದಲ್ಲಿಯೇ ಒಳಕೋಣೆಯಲ್ಲಿದ್ದ ಹೆಡ್‌ಮಾಸ್ತರರ ಫೋನು, ಬೆಳಗಿನಿಂದ ಉಸಿರು ಕಟ್ಟಿಕೊಂಡಿದ್ದುದು, ನಲವತ್ತೇಳು ಸಂದೇಶಗಳನ್ನು ಒಟ್ಟಿಗೇ ಕೆಮ್ಮಿತು.

“ಯಾರ್ರೀ ಇದನ್ನ ಸರಿಮಾಡಿದ್ದು?” ಎಂದು ಹೆಡ್‌ಮಾಸ್ತರರು ಹೊರಗೆ ಧಾವಿಸಿ ಬಂದರು.

“ನಾನೇ ಸರ್” ಎಂದು ಮೇಷ್ಟರು ಪ್ರಾಮಾಣಿಕವಾಗಿ ನುಡಿದರು. ಪ್ರಾಮಾಣಿಕತೆಗೆ ಸಲ್ಲಬೇಕಾದ ಶಿಕ್ಷೆ ಮಧ್ಯಾಹ್ನದೊಳಗೆ ಬೆರಳಚ್ಚಾಗಿ ಬಂದಿತು: ಇನ್ನು ಮುಂದೆ ಶಾಲೆಯ ನೆಟ್‌ವರ್ಕಿನ ಸಮಸ್ತ ಹೊಣೆಯೂ ಅವರದು. ವಾರ ಕಳೆಯುವುದರೊಳಗೆ ‘ಕೆಲಸದ ಅನುಕೂಲಕ್ಕಾಗಿ’ ಅವರ ಚಿತ್ರದ ತರಗತಿಗಳು ರದ್ದಾದವು. ಚಿತ್ರದ ಕೋಣೆಯ ಬಾಗಿಲಿಗೆ ‘ನೆಟ್‌ವರ್ಕ್ ವಿಭಾಗ’ ಎಂಬ ಫಲಕ ಬಿತ್ತು. ಬಣ್ಣದ ಟ್ಯೂಬುಗಳು ಮುಚ್ಚಳದೊಳಗೇ ಒಣಗಿ ಕಲ್ಲಾದವು. ಇಪ್ಪತ್ತೊಂಬತ್ತು ವರ್ಷ ಮಕ್ಕಳ ಕೈ ಹಿಡಿದು ಗೆರೆ ಎಳೆಯಿಸಿದ ಮನುಷ್ಯ ಈಗ ಪೆಟ್ಟಿಗೆಗಳ ಹಸಿರು ದೀಪ ಕೆಂಪಾಯಿತೇ ಎಂದು ಇಣುಕುತ್ತ ಓಡಾಡುವಂತಾಯಿತು.

ಈ ಎಂಟು ತಿಂಗಳ ಸೆರೆಗೆ ಕೊನೆ ಹಾಡಬಹುದಾದ ದಿನ ಇಂದು ಬಂದಿತ್ತು.

“ಇವತ್ತು ಎರಡು ಗಂಟೆಗೆ ಕಣೇ” ಎಂದು ಮೇಷ್ಟರು ಬೆಳಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೆಂಡತಿಗೆ ವಿವರಿಸಿದರು. “ಅಧಿಕಾರಿಗಳು ಬರ್ತಾರೆ. ಅರವತ್ತು ಮಕ್ಕಳು ಅರವತ್ತು ಟ್ಯಾಬಿನಲ್ಲಿ ಒಂದು ಗಂಟೆ ಪರೀಕ್ಷೆ ಬರೀಬೇಕು. ಯಾವ ಟ್ಯಾಬೂ ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಗೆದ್ರೆ ಶಾಲೆ ಪರೀಕ್ಷಾ ಕೇಂದ್ರ ಆಗತ್ತೆ, ಸೋಮವಾರದಿಂದ ನನ್ನ ಕ್ಲಾಸು ನನಗೆ ವಾಪಸ್ಸು ಅಂತ ಹೆಡ್‌ಮಾಸ್ಟ್ರು ಬಾಯಿಬಿಟ್ಟು ಹೇಳಿದಾರೆ.”

“ಬರೆದುಕೊಟ್ಟಿದಾರಾ?”

“ದೊಡ್ಡೋರ ಮಾತು ಕಣೇ.”

“ಅದಕ್ಕೇ ಕೇಳಿದ್ದು” ಎಂದ ಆಕೆ ಅವರ ತೋಳನ್ನು ಹಿಡಿದು ತಿರುಗಿಸಿ ನೋಡಿದರು. “ಮುಂಚೆ ನಿಮ್ಮ ಅಂಗೀದು ಬಣ್ಣ ಹೋಗಲ್ಲ ಅಂತ ದಿನಾ ಬೈತಿದ್ದೆ. ಈಗ ನೋಡ್ರೀ, ಒಂದು ಕಲೆ ಇಲ್ಲ. ಯಾರದೋ ಅಂಗಿ ಒಗೆದ ಹಾಗಾಗತ್ತೆ. ಇವತ್ತು ಯಾರಿಗೂ ಹೆದರಬೇಡಿ, ಗೆದ್ದು ಬನ್ನಿ.”

ಮೇಷ್ಟರು ಸುತ್ತಿದ ಡ್ರಾಯಿಂಗ್ ಹಾಳೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು, ಯುದ್ಧಕ್ಕೆ ಹೊರಟವರ ಠೀವಿಯಿಂದ ಮೆಟ್ಟಿಲಿಳಿದರು.

ಆ ಹಾಳೆ ಸಾಮಾನ್ಯವಾದುದಲ್ಲ. ಮೂರು ವಾರಗಳ ಕಾಲ ಅವರು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಣ್ಣದ ಕಡ್ಡಿ ಹಿಡಿದು ಶಾಲೆಯ ಮೂಲೆಮೂಲೆಯನ್ನೂ ಸುತ್ತಿದ್ದರು. ಸಿಗ್ನಲ್ ಬಲವಾಗಿದ್ದೆಡೆ ಕಡುನೀಲಿ, ಸೊರಗಿದೆಡೆ ತಿಳಿನೀಲಿ, ಇಲ್ಲದೆಡೆ ಬರಿಯ ಬಿಳಿ. ನೋಡಿದರೆ ಮೋಡಗಳ ಚಿತ್ರದಂತಿದ್ದ ಆ ನಕಾಶೆ ಹೇಳುತ್ತಿದ್ದ ಸತ್ಯ ಮಾತ್ರ ಕಹಿಯಾದುದು. ಸರಕಾರ ಕೊಟ್ಟ ಪೆಟ್ಟಿಗೆಗಳು ನಾಲ್ಕು. ಒಂದನ್ನು ಹೆಡ್‌ಮಾಸ್ತರರು ತಮ್ಮ ಮೇಜಿನ ಮೇಲಿಟ್ಟುಕೊಂಡಿದ್ದರು. ಎರಡನೆಯದು ವಿಜ್ಞಾನದ ಮೇಡಂ ಅವರ ಪ್ರಯೋಗಶಾಲೆಯಲ್ಲಿತ್ತು. ಮೂರನೆಯದು ವ್ಯಾಯಾಮದ ಮೇಷ್ಟರ ಆಟದ ಕೋಣೆಯಲ್ಲಿದ್ದು, ಅಲ್ಲಿನ ಕಬ್ಬಿಣದ ಗುಂಡುಗಳಿಗೆ ಶಾಲೆಯಲ್ಲೇ ಅತ್ಯುತ್ತಮವಾದ ಸಿಗ್ನಲ್ ದೊರೆಯುತ್ತಿತ್ತು. ನಾಲ್ಕನೆಯದು ಎಲ್ಲಿಯೂ ಇರಲಿಲ್ಲ. ಪರೀಕ್ಷೆ ನಡೆಯಬೇಕಾದ ಸಭಾಂಗಣವಂತೂ ನಕಾಶೆಯಲ್ಲಿ ಆಗತಾನೆ ಒಗೆದು ಹರವಿದ ಬಟ್ಟೆಯಂತೆ ಬೆಳ್ಳಗಿತ್ತು.

ಮೊದಲ ಕಾಳಗ ಗುಮಾಸ್ತರೊಂದಿಗೆ.

“ನಾಲ್ಕನೇ ಪೆಟ್ಟಿಗೆ ಎಲ್ರೀ?”

“ಭದ್ರವಾಗಿದೆ” ಎಂದು ಗುಮಾಸ್ತರು ಸೊಂಟದ ಬೀಗದ ಕೈಗೊಂಚಲನ್ನು ಸವರಿದರು. “ಕಬ್ಬಿಣದ ಬೀರುವಿನಲ್ಲಿ. ಕೆಲಸಾನೂ ನಿಲ್ಲಬಾರದು, ಕಳುವೂ ಆಗಬಾರದು. ವೈರು ಹಿಂದಿನಿಂದ ಒಳಕ್ಕೆ ಬಿಟ್ಟು, ಚಾಲೂ ಮಾಡೇ ಬೀಗ ಹಾಕಿದೀನಿ.”

ಮೇಷ್ಟರು ಬೀರುವಿನ ಬಾಗಿಲನ್ನು ಬೆರಳಿನಿಂದ ಟಣಟಣ ಬಡಿದರು. “ಕಬ್ಬಿಣದ ಬೀರುವಿನಿಂದ ಸಿಗ್ನಲ್ ಹೇಗ್ರೀ ಹೊರಗೆ ಬರಬೇಕು?”

“ಯಾಕೆ, ಬೀಗದ ತೂತಿಲ್ವೇ?”

“ತೆಗೀರಿ ಅದನ್ನ.”

“ಆಗಲ್ಲ ಸ್ವಾಮಿ. ಹೋದ ತನಿಖೇಲಿ ಒಂದು ಕತ್ತರಿ ಕಮ್ಮಿ ಬಂತು ಅಂತ ಮೂರು ಸಲ ಸಮಜಾಯಿಷಿ ಬರೆಸಿದಾರೆ. ಹೆಡ್‌ಮಾಸ್ಟ್ರ ಸಹಿ ತನ್ನಿ, ಸ್ಟಾಕ್ ರಿಜಿಸ್ಟರಿಗೆ ನಿಮ್ಮ ಸಹಿ ಹಾಕಿ, ಆಮೇಲೆ ನೋಡೋಣ.”

ಮೇಷ್ಟರು ತಂತ್ರ ಬದಲಾಯಿಸಿದರು. “ಬಿಡಿ, ಅದು ಬೀರುವಿನಲ್ಲಿ ಇಲ್ಲವೇ ಇಲ್ಲ. ಕತ್ತರಿ ಹೋದ ದಾರೀಲೇ ಹೋಗಿದೆ.”

ಗುಮಾಸ್ತರ ಮಾನಕ್ಕೆ ಬೆಂಕಿ ಬಿದ್ದಂತಾಯಿತು. “ಏನಂದ್ರಿ? ನೋಡಿ, ಕಣ್ಣಾರೆ ನೋಡಿ!” ಎಂದು ಅವರು ಬೀರುವನ್ನು ದಡಾರನೆ ತೆರೆದರು. ಹಳೆಯ ಹಾಜರಿ ಪುಸ್ತಕಗಳ ನಡುವೆ ಪೆಟ್ಟಿಗೆ ಕತ್ತಲೆಯ ಕೈದಿಯಂತೆ ಕಣ್ಣು ಮಿಟುಕಿಸುತ್ತಿತ್ತು. ಮೇಷ್ಟರು ಅದನ್ನು ಎತ್ತಿಕೊಂಡು ಹೊರಟೇಬಿಟ್ಟರು.

“ರೀ! ಸಹಿ! ಸಹಿ!”

“ಸೋಮವಾರ ಚಿತ್ರ ಬರೆಯೋ ಕುಂಚದಲ್ಲೇ ಹಾಕ್ತೀನಿ” ಎಂದು ಮೇಷ್ಟರು ತಿರುಗಿ ನೋಡದೆ ಕೂಗಿದರು. ಗುಮಾಸ್ತರು ರಿಜಿಸ್ಟರನ್ನು ಎದೆಗವಚಿಕೊಂಡು ಹಿಂದೆಯೇ ಓಡಿದರು.

ಪ್ರಯೋಗಶಾಲೆಯ ಪೆಟ್ಟಿಗೆ ಮೀನಿನ ತೊಟ್ಟಿಯ ಹಿಂದೆ ಅಡಗಿತ್ತು. ಮೇಷ್ಟರು ಕೈಯಿಕ್ಕುವುದರೊಳಗೆ ವಿಜ್ಞಾನದ ಮೇಡಂ ಅಡ್ಡ ಬಂದರು.

“ಅಣ್ಣಾ, ಮುಟ್ಟಬೇಡಿ! ಆ ಪೆಟ್ಟಿಗೆ ಕಾವಿಗೆ ನೀರು ಬೆಚ್ಚಗಿರತ್ತೆ. ಮೀನು ಮರಿ ಹಾಕಿದಾವೆ.”

“ನಿನ್ನ ಮೀನಿನ ಬಾಣಂತನಕ್ಕೆ ಸರಕಾರ ಇದನ್ನ ಕೊಟ್ಟಿಲ್ಲ ಕಣಮ್ಮ. ಅದೂ ಅಲ್ಲದೆ ತೊಟ್ಟೀ ನೀರು ಅರ್ಧ ಸಿಗ್ನಲ್ ಕುಡಿದುಬಿಡತ್ತೆ.”

“ನೀರು ಸಿಗ್ನಲ್ ಕುಡಿಯತ್ತಾ? ಇಲ್ಲಿ ವಿಜ್ಞಾನ ಹೇಳೋಳು ನಾನು!”

“ಹಾಗಿದ್ರೆ ನಿನಗೆ ಮೊದಲೇ ಗೊತ್ತಿರಬೇಕಿತ್ತು.”

ಮೇಡಂ ಅವರ ಮುಖ ಕೆಂಡವಾಯಿತು. “ಒಂದು ಮೀನು ಸತ್ರೂ ನಿಮ್ಮ ಹೆಸರಿಟ್ಟೇ ಹೂಳ್ತೀನಿ, ನೆನಪಿರಲಿ!”

“ದಪ್ಪನೇದಕ್ಕೆ ಇಡು” ಎಂದ ಮೇಷ್ಟರು ಎರಡನೆಯ ಪೆಟ್ಟಿಗೆಯನ್ನೂ ಕಂಕುಳಿಗೆ ಸೇರಿಸಿದರು.

ಸಭಾಂಗಣದ ಮುಂದಿನ ಗೋಡೆಗೊಂದು, ಹಿಂದಿನ ಗೋಡೆಗೊಂದು, ಆಳೆತ್ತರಕ್ಕೂ ಮೇಲೆ ಎರಡನ್ನೂ ಕೂರಿಸಿ, ಕೆಳಗೆ ನಿಂತು ಪರೀಕ್ಷಿಸಿ, ನಕಾಶೆಯ ಬಿಳಿಯ ಜಾಗಕ್ಕೆ ಕಡುನೀಲಿ ತುಂಬಿ, ಹಾಳೆಯನ್ನು ಅಲ್ಲಿಯೇ ಗೋಡೆಗೆ ಅಂಟಿಸಿದರು. ಎಂಟು ತಿಂಗಳಲ್ಲಿ ಅಷ್ಟು ಸುಖವಾಗಿ ಅವರು ಬಣ್ಣ ಬಳಿದಿರಲಿಲ್ಲ. ಆ ನೆಮ್ಮದಿಯಲ್ಲಿಯೇ ಅವರು ಕೈ ತೊಳೆಯಲು ಹೋದರು. ಹಿಂತಿರುಗುವುದರೊಳಗೆ ಸಹಾಯ ಬಂದಿಳಿದಿತ್ತು.

ಸಹಾಯದ ಹೆಸರು ವ್ಯಾಯಾಮದ ಮೇಷ್ಟರು. ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಹುಟ್ಟಿದವರಂತಿದ್ದ ಆ ಮಹನೀಯರು ತಮ್ಮ ಕೋಣೆಯ ಪೆಟ್ಟಿಗೆಯ ಜೊತೆಗೆ, ಅಧ್ಯಾಪಕರೆಲ್ಲರ ಮನೆಗಳಿಂದ ಆರು ಪೆಟ್ಟಿಗೆಗಳನ್ನು ಎತ್ತಿಸಿ ತಂದು ಕಿಟಕಿಗೊಂದರಂತೆ ಜೋಡಿಸಿ, ಎಲ್ಲವನ್ನೂ ಚಾಲೂ ಮಾಡಿದ್ದರು.

“ಎರಡಿತ್ತು, ಒಂಬತ್ತು ಮಾಡಿದೀನಿ!” ಎಂದು ಅವರು ಎದೆಯುಬ್ಬಿಸಿದರು. “ಇನ್ನು ನೆಟ್‌ವರ್ಕ್ ಹೊಳೆ ಹರಿದ ಹಾಗೆ ಹರಿಯತ್ತೆ ನೋಡಿ.”

ಮೇಷ್ಟರು ಟ್ಯಾಬೊಂದನ್ನು ತೆರೆದರು. ಪರದೆಯ ಮೇಲೆ ಸಣ್ಣ ಚಕ್ರವೊಂದು ಗರಗರನೆ ತಿರುಗಿತು, ತಿರುಗುತ್ತಲೇ ಇದ್ದಿತು. ಎರಡನೆಯದು, ಮೂರನೆಯದು, ಎಲ್ಲದರಲ್ಲಿಯೂ ಅದೇ ಚಕ್ರ.

“ಸ್ವಾಮಿ, ಒಂದೇ ಕೋಣೇಲಿ ಒಂಬತ್ತು ಜನ ಒಟ್ಟಿಗೇ ಪಾಠ ಹೇಳಿದ್ರೆ ಮಕ್ಕಳಿಗೆ ಯಾರದು ಕೇಳಿಸತ್ತೆ?”

“ಜೋರಾಗಿ ಹೇಳೋರದು” ಎಂದ ವ್ಯಾಯಾಮದ ಮೇಷ್ಟರು, ಉದಾಹರಣೆಗೆ ಒಮ್ಮೆ ಸೀಟಿ ಊದಿದರು.

ಕಿವಿ ಮುಚ್ಚಿಕೊಂಡೇ ಮೇಷ್ಟರು ಏಳು ಪೆಟ್ಟಿಗೆಗಳ ವೈರನ್ನು ಒಂದೊಂದಾಗಿ ಕಿತ್ತರು. ಬಾಗಿಲಲ್ಲಿ ನೆರೆದಿದ್ದ ಅಧ್ಯಾಪಕರ ಮುಖಗಳು, ಕೊಟ್ಟ ಉಡುಗೊರೆಯನ್ನು ಎದುರಿಗೇ ಹಿಂದಿರುಗಿಸಿದಂತೆ ಜೋತುಬಿದ್ದವು. “ನಮ್ಮ ಮನೆ ವಸ್ತು ಬೇಡವಾಯ್ತಾ?” ಎಂದು ಒಬ್ಬರು, “ಅಧಿಕಾರ ಬಂದ ಮೇಲೆ ಹೀಗೇ” ಎಂದು ಇನ್ನೊಬ್ಬರು. ಮೇಷ್ಟರು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಲ್ಲಿಯೇ ನಿಂತು ಪಾಸ್‌ವರ್ಡನ್ನೂ ಬದಲಾಯಿಸಿಬಿಟ್ಟರು. ಶಾಲೆಯ ಅಷ್ಟೂ ಜೇಬುಗಳಲ್ಲಿ ಅಷ್ಟೂ ಫೋನುಗಳು ಏಕಕಾಲಕ್ಕೆ ಮೂಕವಾದವು. ಐದು ನಿಮಿಷದೊಳಗೆ ಹೆಡ್‌ಮಾಸ್ತರರೇ ಬಂದು ಅವರನ್ನು ಕಂಬದ ಮರೆಗೆ ಕರೆದೊಯ್ದರು.

“ಮೇಷ್ಟ್ರೇ, ಪಾಸ್‌ವರ್ಡ್ ನನಗೊಬ್ಬನಿಗೆ ಹೇಳಿ.”

“ಮೂರು ಗಂಟೆಗೆ ಹೇಳ್ತೀನಿ ಸರ್.”

“ನಾನು ಈ ಶಾಲೆ ಹೆಡ್‌ಮಾಸ್ಟ್ರು ಕಣ್ರೀ!”

“ಅದಕ್ಕೇ ಸರ್. ನಿಮಗೆ ಹೇಳಿದ್ರೆ ನಿಮ್ಮನ್ನ ಕೇಳಿದೋರಿಗೆಲ್ಲ ಹೇಳಿದ ಹಾಗೆ. ಇನ್ನೊಂದು ಮಾತು: ನಿಮ್ಮ ಕೋಣೆ ಮೈಕ್ರೋವೇವ್ ಓವನ್ ಎರಡರಿಂದ ಮೂರರ ತನಕ ಹಚ್ಚಬೇಡಿ. ಈ ಗೋಡೆ ಆಚೆಗೇ ಅದಿರೋದು. ಅದು ಉರಿದ್ರೆ ಇಲ್ಲಿ ಸಿಗ್ನಲ್ ಕೆಡತ್ತೆ.”

“ಅಡುಗೆ ಬಿಸಿಮಾಡೋ ಡಬ್ಬಿಗೂ ನೆಟ್‌ವರ್ಕಿಗೂ ಏನ್ರೀ ಸಂಬಂಧ?” ಎಂದು ಗೊಣಗಿದರೂ ಹೆಡ್‌ಮಾಸ್ತರರು ತಲೆಯಾಡಿಸಿದರು.

ಎರಡು ಗಂಟೆಗೆ ಸರಿಯಾಗಿ ಅಧಿಕಾರಿಣಿ ಬಂದರು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ, ಮಾತನ್ನು ಮಾತ್ರೆಯಂತೆ ಅಳೆದು ಕೊಡುವ ಹೆಂಗಸು. “ಶುರುಮಾಡಿ” ಎಂದರು. ಅರವತ್ತು ಬೆರಳುಗಳು ಅರವತ್ತು ಪರದೆಗಳನ್ನು ಮುಟ್ಟಿದವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಮೇಷ್ಟರು ಉಸಿರನ್ನು ಸಾಲ ತಂದವರಂತೆ ಮಿತವಾಗಿ ಬಳಸುತ್ತ ಗೋಡೆಗೆ ಒರಗಿ ನಿಂತಿದ್ದರು.

ಇಪ್ಪತ್ತೈದನೆಯ ನಿಮಿಷದಲ್ಲಿ ಅರವತ್ತು ಪರದೆಗಳ ಮೇಲೂ ಒಟ್ಟಿಗೇ ಚಕ್ರ ತಿರುಗತೊಡಗಿತು. ಅಧಿಕಾರಿಣಿ ಕೈಗಡಿಯಾರ ನೋಡಿದರು.

ಮೇಷ್ಟರಿಗೆ ನಕಾಶೆ ನೋಡುವ ಅಗತ್ಯವಿರಲಿಲ್ಲ. ಬಾಗಿಲಲ್ಲಿ ಗುಮಾಸ್ತರನ್ನೂ ಅವರ ರಿಜಿಸ್ಟರನ್ನೂ ಪಕ್ಕಕ್ಕೆ ತಳ್ಳಿ ಓಡಿದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಓವನ್ ಗುಂಯ್‌ಗುಡುತ್ತಿತ್ತು. ಒಳಗೆ ಟೀ ತುಂಬಿದ ಎರಡು ಕಪ್ಪುಗಳು ಸವಾರಿ ಹೊರಟ ಜಮೀನುದಾರರಂತೆ ಗಂಭೀರವಾಗಿ ಸುತ್ತುತ್ತಿದ್ದವು. ಮೇಷ್ಟರು ಪ್ಲಗ್ಗನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದರು.

“ಏನ್ರೀ ಇದು! ಟೀ ಆರಿಹೋಗತ್ತೆ!”

“ಆರಲಿ ಸರ್.”

“ಅಷ್ಟು ದೊಡ್ಡ ಅಧಿಕಾರಿಗೆ ತಣ್ಣನೆ ಟೀ ಕೊಡ್ಲೇನ್ರೀ ನಾನು?”

“ಕೊಡಿ. ನನ್ನ ಹೆಸರು ಹೇಳೇ ಕೊಡಿ. ಎಂಟು ತಿಂಗಳಿಂದ ನನ್ನ ಬಣ್ಣ ಒಣಗಿದೆ ಸರ್. ನಿಮ್ಮ ಟೀ ಅರ್ಧ ಗಂಟೆ ಆರಿದ್ರೆ ಏನೂ ಮುಳುಗಿಹೋಗಲ್ಲ.”

ಹೆಡ್‌ಮಾಸ್ತರರು ಕಪ್ಪುಗಳನ್ನು ಹೊರತೆಗೆದು ಮೇಲೊಂದು ತಟ್ಟೆ ಮುಚ್ಚಿದರು. ಮೇಷ್ಟರು ಮಾತ್ರ ಆ ಪ್ಲಗ್ಗನ್ನು ಕೋಟೆಯ ಬೀಗದ ಕೈಯಂತೆ ಹಿಡಿದು ಮೂರು ಗಂಟೆಯವರೆಗೆ ಕದಲದೆ ನಿಂತರು. ಗುಮಾಸ್ತರು ಬಂದು, “ಕೈ ಖಾಲಿ ಇದ್ರೆ ಒಂದು ಸಹಿ...” ಎಂದುದಕ್ಕೆ, “ಕೈ ಖಾಲಿ ಇಲ್ಲ” ಎಂದಷ್ಟೇ ಹೇಳಿದರು.

ಗಂಟೆ ಬಾರಿಸಿತು. ಮೇಷ್ಟರು ಸಭಾಂಗಣಕ್ಕೆ ಕಾಲಿಟ್ಟಾಗ ಅಧಿಕಾರಿಣಿ ಕನ್ನಡಕ ಏರಿಸಿಕೊಂಡು ಓದುತ್ತಿದ್ದರು: “ನಿಂತದ್ದು ಒಂದೇ ಸಲ, ನಲವತ್ಮೂರು ಸೆಕೆಂಡು. ಅರವತ್ತಕ್ಕೆ ಅರವತ್ತು. ನಾನು ನೋಡಿದ ಶಾಲೆಗಳಲ್ಲೇ ಇದು ಮೊದಲು.”

ಬೆಳಗಿನಿಂದ ಮುನಿದಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ವ್ಯಾಯಾಮದ ಮೇಷ್ಟರಂತೂ ಸೀಟಿಯನ್ನೇ ಊದಿಬಿಟ್ಟರು. ಅಧಿಕಾರಿಣಿ ಗೋಡೆಯ ಮೇಲಿನ ನೀಲಿಯ ನಕಾಶೆಯ ಮುಂದೆ ಬಹಳ ಹೊತ್ತು ನಿಂತರು.

“ಇದನ್ನ ಬರೆದೋರು?”

“ನಾನೇ” ಎಂದು ಮೇಷ್ಟರು ತಲೆಯೆತ್ತಿ ನುಡಿದರು. “ನಾನು ನೆಟ್‌ವರ್ಕಿನವನಲ್ಲ ಮೇಡಂ. ಚಿತ್ರದ ಮೇಷ್ಟ್ರು. ಸೋಮವಾರದಿಂದ ಮತ್ತೆ ಕ್ಲಾಸು ತಗೋತೀನಿ.”

“ಚಿತ್ರವಾ?” ಎಂದ ಅಧಿಕಾರಿಣಿಯ ಮುಖ ಮೊದಲ ಸಲ ಅರಳಿತು. “ಎಷ್ಟು ಚೆನ್ನಾಯ್ತು! ಕೇಂದ್ರ ಕಚೇರೀಲಿ ಒಬ್ಬರೇ ಕೂತು ಎಲ್ಲ ಶಾಲೆಗಳಿಗೂ ಪರದೆ ಮೇಲೆ ಚಿತ್ರದ ಪಾಠ ಹೇಳೋ ಯೋಜನೆ ವರ್ಷದಿಂದ ಸಿದ್ಧವಾಗಿದೆ. ಒಂದು ಗಂಟೆ ಪೂರ್ತಿ ನಡೆಯೋ ನೆಟ್‌ವರ್ಕೇ ಎಲ್ಲೂ ಸಿಕ್ಕಿರಲಿಲ್ಲ. ಇಲ್ಲಿಂದಲೇ ಶುರುಮಾಡ್ತೀವಿ.”

“ಮತ್ತೆ... ಶಾಲೇಲಿರೋ ಮೇಷ್ಟ್ರು?”

“ನೆಟ್‌ವರ್ಕ್ ಕೈಕೊಡೋ ಶಾಲೆಗಳಲ್ಲಿ ಹಳೇ ಹಾಗೇ ಅವರೇ ಪಾಠ ಮಾಡ್ತಾರೆ. ಇಲ್ಲಿ ಆ ತೊಂದರೆ ಇಲ್ವಲ್ಲ.”

ಹೆಡ್‌ಮಾಸ್ತರರು ಮುಂದೆ ಬಂದು ಮೇಷ್ಟರ ಬೆನ್ನು ತಟ್ಟಿದರು. “ನಾನು ಮಾತು ತಪ್ಪೋನಲ್ಲ ಮೇಷ್ಟ್ರೇ. ಸೋಮವಾರದಿಂದ ಚಿತ್ರದ ಕ್ಲಾಸು ವಾಪಸ್ಸು, ಕೋಣೇನೂ ನಿಮ್ದೇ. ನೀವೊಂದು ಕುರ್ಚಿ ಹಾಕ್ಕೊಂಡು, ಪೆಟ್ಟಿಗೆ ನಿಲ್ಲದ ಹಾಗೆ ನೋಡ್ಕೊಂಡ್ರೆ ಆಯ್ತು.”

ಅಷ್ಟರಲ್ಲಿ ಅಧಿಕಾರಿಣಿ ಮಾದರಿಯ ಪಾಠವೊಂದನ್ನು ಸಭಾಂಗಣದ ದೊಡ್ಡ ಪರದೆಯ ಮೇಲೆ ಹಾಕಿಸಿಯೂ ಆಗಿತ್ತು. ಎಲ್ಲಿಯೋ ಕುಳಿತ ಯಾರೋ ಒಂದು ಸೇಬು ಬರೆದರು. ಎಡಗಡೆ ಕಿಟಕಿ ಬರೆದರು. ಕಿಟಕಿಯಿಂದ ಬಿಸಿಲು ಬರೆದರು. ಬಳಿಕ ಸೇಬಿನ ನೆರಳನ್ನೂ ಎಡಗಡೆಗೇ, ಬಿಸಿಲಿನ ಮಡಿಲಿಗೇ ಬರೆದರು. ಚಿತ್ರ ಒಂದಿಷ್ಟೂ ತಡವರಿಸಲಿಲ್ಲ. ಒಂದು ಚುಕ್ಕೆಯೂ ಕಳೆದುಹೋಗಲಿಲ್ಲ. ಆ ತಪ್ಪು ನೆರಳು ಅರವತ್ತು ಟ್ಯಾಬುಗಳಿಗೂ ಕ್ಷಣಮಾತ್ರದಲ್ಲಿ, ಸ್ಫಟಿಕದಷ್ಟು ಸ್ಪಷ್ಟವಾಗಿ ಬಂದು ತಲುಪಿತು. ಅರವತ್ತು ಮಕ್ಕಳು ತಲೆ ಬಗ್ಗಿಸಿ ಅದನ್ನೇ ಬರೆಯತೊಡಗಿದರು.

“ನೆರಳು ಆ ಕಡೆ ಬೀಳಲ್ಲ!” ಎಂದರು ಮೇಷ್ಟರು.

“ಅವರಿಗೆ ನಿಮ್ಮ ಮಾತು ಕೇಳಿಸಲ್ಲ” ಎಂದು ಅಧಿಕಾರಿಣಿ ಶಾಂತವಾಗಿ ತಿಳಿಸಿದರು. “ಪಾಠ ಆ ಕಡೆಯಿಂದ ಮಾತ್ರ ಬರತ್ತೆ.”

ಮೇಷ್ಟರು ಸೀಮೆಸುಣ್ಣ ಎತ್ತಿಕೊಂಡರು. ನೇರವಾಗಿ ನಡೆದು ಹೋಗಿ ದೊಡ್ಡ ಪರದೆಯ ಮುಂದೆ, ಪ್ರೊಜೆಕ್ಟರಿನ ಬೆಳಕಿಗೆ ಎದೆ ಕೊಟ್ಟು, ಮಕ್ಕಳ ಕಡೆ ತಿರುಗಿ ನಿಂತರು. ಅವರ ಅಂಗಿಯ ಮೇಲೆ ಸೇಬಿನ ಕೆಂಪು ಹರಡಿಕೊಂಡಿತು.

“ಎಲ್ರೂ ತಲೆ ಎತ್ತಿ. ನನ್ನನ್ನ ನೋಡಿ. ಬೆಳಕು ಎಲ್ಲಿಂದ ಬರ್ತಿದೆ? ನನ್ನ ನೆರಳು ಯಾವ ಕಡೆ ಬಿದ್ದಿದೆ?”

“ಮೇಷ್ಟ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ” ಎಂದು ಹೆಡ್‌ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು. “ಪಾಠಕ್ಕೆ ಅಡ್ಡ ಬರ್ತಿದೀರಿ.”

“ಬಂದೆ ಸರ್” ಎಂದ ಮೇಷ್ಟರು, ನಿಂತ ಜಾಗದಿಂದ ಒಂದು ಅಂಗುಲವೂ ಕದಲಲಿಲ್ಲ.